ನಾಲ್ಕನೇ ನಂಬರಿನ ವೈರು

“ಬಂತು!” ಎಂದು ಮಲಗುವ ಕೋಣೆಯಿಂದ ಅಣ್ಣ ಕೂಗಿದ.

ನಡುಮನೆಯ ಮೂಲೆಯಲ್ಲಿ, ಬೀರುವಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ಸೌಂಡಕ್ಕ ಚೀಟಿಯಲ್ಲಿ ಮೂರನೇ ನಂಬರಿನ ಎದುರು ಒಂದು ಗೀಟು ಹಾಕಿದಳು. ಒಂದು ನಡುಮನೆ, ಎರಡು ಅಡುಗೆಮನೆ, ಮೂರು ಮಲಗುವ ಕೋಣೆ. ಇನ್ನು ಉಳಿದದ್ದು ನಾಲ್ಕು, ಹಿಂದಿನ ಕೋಣೆ. ಬೆಳಗಿನಿಂದ ಮಂಡಿಯೂರಿ ಮನೆಯೆಲ್ಲ ತೆವಳಿ, ಗೋಡೆಯಂಚಿನ ಪಟ್ಟಿಯೊಳಗೆ ವೈರು ತೂರಿಸಿ, ಆಂಪ್ಲಿಫೈಯರಿನ ಹಿಂಭಾಗಕ್ಕೆ ತಂದು ಸೇರಿಸುವಷ್ಟರಲ್ಲಿ ಅವಳ ಸೊಂಟ ಬಿದ್ದುಹೋಗಿತ್ತು. ಪ್ರತಿ ವೈರಿನ ತುದಿಗೂ ಬಿಳಿ ಟೇಪು ಸುತ್ತಿ ನಂಬರು ಬರೆದಿದ್ದಳು. ಕೆಲಸದಲ್ಲಿ ಅವಳು ಅಷ್ಟು ಅಚ್ಚುಕಟ್ಟು. ಹೆತ್ತವರು ಇಟ್ಟ ಹೆಸರು ಬೇರೆಯೇ ಇದ್ದರೂ ಗಿರಾಕಿಗಳ ಬಾಯಲ್ಲಿ ಸೌಂಡಕ್ಕ ಆಗಿ, ಕೊನೆಗೆ ಗಂಡನೂ ಹಾಗೇ ಕರೆಯುವಂತಾಗಿತ್ತು.

ಅವಳಿಗೆ ಈ ಕಸುಬು ಹಿಡಿಸಿದವನು ಅಣ್ಣನೇ. ಹುಡುಗನಾಗಿದ್ದಾಗ ಅವನಿಗೆ ರೇಡಿಯೊ ಬಿಚ್ಚುವ ಹುಚ್ಚು. ಊಟದ ಮೇಜಿನ ಮೇಲೆ ಒಂದು ರೇಡಿಯೊದ ಕರುಳು ಹರಡಿಕೊಂಡು, ತಂಗಿಯನ್ನು ಎದುರಿಗೆ ಕೂರಿಸಿಕೊಂಡು, “ಕಣ್ಣು ಮುಚ್ಚು. ಈಗ ಕರಕರ ಅನ್ನೋದು ಎಲ್ಲಿಂದ ಬರ್ತಿದೆ ಹೇಳು” ಎನ್ನುತ್ತಿದ್ದ. ಅವಳು ತಪ್ಪು ಹೇಳಿದರೆ ತಲೆಗೊಂದು ಮೊಟಕು. ಆಮೇಲೆ ಅವನು ರೇಡಿಯೊ ಬಿಟ್ಟು ಸ್ಕೂಲ್ ವ್ಯಾನಿನ ಸ್ಟೀರಿಂಗ್ ಹಿಡಿದ. ಇಪ್ಪತ್ತೆರಡು ವರ್ಷ ಅದೇ ಸ್ಕೂಲು, ಅದೇ ದಾರಿ. ವ್ಯಾನಿನ ಮೈಮೇಲೆ ಒಂದು ಗೀರು ಬಿದ್ದದ್ದಿಲ್ಲ. ಈಗ ಅದರಲ್ಲಿ ಹದಿನಾಲ್ಕು ಮಕ್ಕಳು ಬರುತ್ತಿದ್ದರು. ನಾಲ್ಕನೇ ಕ್ಲಾಸಿನಲ್ಲಿದ್ದ ಸೌಂಡಕ್ಕನ ಮಗಳೂ ಅವರಲ್ಲೊಬ್ಬಳು. ಮಗಳನ್ನು ಅವಳ ಸೋದರಮಾವನೇ ಕರೆದೊಯ್ದು ಕರೆತರುತ್ತಾನೆ ಎಂಬ ನೆಮ್ಮದಿಯಲ್ಲೇ ಸೌಂಡಕ್ಕ ಬೆಳಗ್ಗೆ ಬೇಗ ಕೆಲಸಕ್ಕೆ ಹೊರಡಲು ಆಗುತ್ತಿತ್ತು.

ಇಂಥ ಅಣ್ಣ ಹೋದ ವಾರ ಬಂದು, “ನಮ್ಮನೇಲಿ ಎಲ್ಲಾ ಕೋಣೆಗೂ ಸ್ಪೀಕರ್ ಹಾಕ್ಕೊಡು” ಎಂದಾಗ ಅವಳು ಹಿರಿಹಿರಿ ಹಿಗ್ಗಿದ್ದಳು. ಎಷ್ಟೋ ವರ್ಷದಿಂದ ಹಾಡಿನ ಸುದ್ದಿಯನ್ನೇ ಎತ್ತದವನಿಗೆ ಈಗ ಇದೇನು ಶೋಕಿ ಎಂದು ಕೇಳಿದ್ದಕ್ಕೆ, “ಬರೋರು ಹೋಗೋರಿಗೆಲ್ಲ ಕೇಳಬೇಕು. ಬೀದಿಗೂ ಕೇಳಲಿ” ಎಂದು ನಕ್ಕಿದ್ದ. ಬೆಳಗಿನ ಟ್ರಿಪ್ಪಿಗೂ ಮಧ್ಯಾಹ್ನದ ಟ್ರಿಪ್ಪಿಗೂ ನಡುವೆ ಅವನಿಗೆ ಬಿಡುವು. ಎರಡೂವರೆಗೆ ಮತ್ತೆ ವ್ಯಾನು ಹೊರಡಬೇಕು. ಅಷ್ಟರೊಳಗೆ ಮುಗಿಸೋಣ ಎಂದು ಇವಳು ಇವತ್ತು ಬೇರೆ ಕೆಲಸ ಒಪ್ಪಿಕೊಂಡಿರಲಿಲ್ಲ.

ಕೆಲಸ ಒಪ್ಪಿಸುವ ಮೊದಲು ಅವಳದೊಂದು ಕ್ರಮವಿತ್ತು. ತನ್ನ ಕಿವಿಯೊಂದನ್ನೇ ನಂಬುತ್ತಿರಲಿಲ್ಲ. ನಾಳೆಯಿಂದ ಆ ಕೋಣೆಯಲ್ಲಿ ಇರಬೇಕಾದವರೇ ಅಲ್ಲಿ ನಿಲ್ಲಬೇಕು. ಅವಳು ಇಲ್ಲಿಂದ ಆ ಒಂದು ಕೋಣೆಗೆ ಮಾತ್ರ ಸುಯ್ಯೆನ್ನುವ ಪರೀಕ್ಷೆಯ ಸದ್ದು ಬಿಡುತ್ತಾಳೆ. ಕೇಳಿದ ಕೂಡಲೇ ಅವರು “ಬಂತು” ಅನ್ನಬೇಕು. ಅನ್ನುವವರೆಗೆ ಗೀಟು ಬೀಳುವುದಿಲ್ಲ. ಅಡುಗೆಮನೆಯಿಂದ ಅತ್ತಿಗೆ “ಬಂತಮ್ಮಾ ಬಂತು” ಎಂದು ಎರಡೆರಡು ಸಲ ಹೇಳಿದ್ದಳು. ಅತ್ತಿಗೆಗೆ ಯಾವುದನ್ನೂ ಒಂದೇ ಸಲ ಹೇಳಿ ಗೊತ್ತಿಲ್ಲ. ಯಾರಾದರೂ ಅಣ್ಣನಿಗೆ ಏನಾದರೂ ಹೇಳಿದರೆ ಅದನ್ನೇ ಅವನ ಮುಖಕ್ಕೆ ಮುಖ ಕೊಟ್ಟು ಇನ್ನೊಮ್ಮೆ ಒದರುವುದು ಅವಳ ಚಾಳಿ. “ಕೇಳಿದ್ರಾ, ನಾಳೆ ರಜಾ ಅಂತೆ.” “ರೀ, ಕಾಫಿ ಬೇಕಾ ಅಂತಿದ್ದಾಳೆ ನಿಮ್ ತಂಗಿ.” ನೆಂಟರೆಲ್ಲ ಅವಳಿಗೆ ‘ಮರುಪ್ರಸಾರ ಕೇಂದ್ರ’ ಎಂದು ಅಡ್ಡಹೆಸರಿಟ್ಟಿದ್ದರು. ಅದನ್ನು ಮೊದಲು ಹುಟ್ಟಿಸಿದವಳು ಸೌಂಡಕ್ಕನೇ.

“ಈಗ ಹಿಂದಿನ ಕೋಣೆಗೆ ಹೋಗಿ ನಿಂತ್ಕೋ ಅಣ್ಣ” ಎಂದು ಕೈ ಮಾಡಿ ತೋರಿಸಿದಳು. ಅವನು ಲುಂಗಿ ಎತ್ತಿ ಕಟ್ಟಿಕೊಂಡು ಹೋದ. ನಡುಮನೆಗೂ ಹಿಂದಿನ ಕೋಣೆಗೂ ಬಾಗಿಲುಗಳು ನೇರಾನೇರ ಇದ್ದವು. ಅವನು ಸ್ಪೀಕರಿನ ಪಕ್ಕದಲ್ಲಿ ಸೊಂಟಕ್ಕೆ ಕೈಯಿಟ್ಟು ಇವಳತ್ತಲೇ ನೋಡುತ್ತ ನಿಂತದ್ದು ಕಾಣುತ್ತಿತ್ತು. ಸೌಂಡಕ್ಕ ನಾಲ್ಕನೇ ನಂಬರು ಆರಿಸಿ, ಸದ್ದು ಬಿಟ್ಟು, ತಲೆಯೆತ್ತಿದಳು.

“ಬಂತು!” ಎಂದ ಅಣ್ಣ. “ಚೆನ್ನಾಗಿ ಬರ್ತಿದೆ. ಸ್ವಲ್ಪ ಜಾಸ್ತಿನೇ ಆಯ್ತು, ಕಮ್ಮಿ ಮಾಡು.”

ಗೀಟು ಹಾಕಲೆಂದು ಪೆನ್ಸಿಲಿಗೆ ಕೈ ಚಾಚಿದಳು. ಎಡಗೈಯಲ್ಲಿ ಏನೋ ಇತ್ತು. ನೋಡಿದರೆ, ಬಿಳಿ ಟೇಪಿನ ಮೇಲೆ ನಾಲ್ಕು ಎಂದು ಬರೆದ ವೈರಿನ ತುದಿ. ಆಗಲೇ ಅದರ ಬಿಗಿಯುವ ತಿರುಪು ಜಾರಿ ಬೀರುವಿನ ಅಡಿಗೆ ಉರುಳಿತ್ತು. ಹುಡುಕಿ ಹಾಕೋಣ ಎಂದು ವೈರನ್ನು ಕೈಯಲ್ಲೇ ಹಿಡಿದುಕೊಂಡು ಮರೆತಿದ್ದಳು. ಅದನ್ನು ಆಂಪ್ಲಿಫೈಯರಿಗೆ ಇನ್ನೂ ಸೇರಿಸಿಯೇ ಇರಲಿಲ್ಲ.

ಅಡುಗೆಮನೆಯಲ್ಲಿ ಅತ್ತಿಗೆ ಪಾತ್ರೆ ತೊಳೆಯುವುದು ಬಿಟ್ಟರೆ ಇಡೀ ಮನೆಯಲ್ಲಿ ಒಂದು ಸದ್ದಿರಲಿಲ್ಲ.

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಳು. ಅಣ್ಣ ಅಂಥ ತುಂಟನೇ. ನಕ್ಕೂ ನಕ್ಕಳು. ಆದರೆ ಅವನು ನಗಲಿಲ್ಲ. ಕೆಲಸವಾಯಿತು ಎನ್ನುವ ಹಾಗೆ ಸ್ಪೀಕರಿನ ಮೇಲಿನ ದೂಳು ಒರೆಸುತ್ತಿದ್ದ. ಸೌಂಡಕ್ಕನ ನಗು ಬಾಯಲ್ಲೇ ಉಳಿಯಿತು. ಅವಳು ಬೀರುವಿನ ಕಡೆ ಮುಖ ಮಾಡಿ, ಅವನಿಗೆ ಬೆನ್ನು ತೋರಿಸಿ, ಸಾಕಷ್ಟು ಗಟ್ಟಿಯಾಗಿಯೇ ಹೇಳಿದಳು:

“ಅಣ್ಣ, ನಿನ್ನ ಕಾಲ ಹತ್ರ ಚೇಳಿದೆ ನೋಡು.”

ಅವಳು ತಿರುಗಿ ನೋಡುವುದಕ್ಕೂ ಅವನು ತಲೆಯೆತ್ತುವುದಕ್ಕೂ ಸರಿಹೋಯಿತು. ಅವಳ ಮುಖ ಕಂಡದ್ದೇ ತಡ, “ಹೂಂ ಹೂಂ, ಸರಿಯಾಗಿದೆ” ಎಂದ. ಕಾಲು ಅಲ್ಲಾಡಲಿಲ್ಲ.

ಚೇಳೆಂದರೆ ಕುರ್ಚಿ ಹತ್ತಿ ಕಿರಿಚಿಕೊಳ್ಳುವ ಗಂಡಸು ಅವನು. ಸೌಂಡಕ್ಕ ಬೀರುವಿನ ಅಡಿಗೆ ಕೈ ಹಾಕಿ ತಿರುಪು ತಡಕಿ ತೆಗೆದಳು. ಇಪ್ಪತ್ತು ವರ್ಷ ಕಣ್ಣು ಮುಚ್ಚಿ ಮಾಡಿದ ಕೆಲಸಕ್ಕೆ ಈಗ ಬೆರಳು ಕೂಡಲಿಲ್ಲ. ಹೇಗೋ ವೈರು ಸೇರಿಸಿದಳು. ಅಣ್ಣ ಸ್ಪೀಕರಿಗೆ ಬೆನ್ನು ಹಾಕಿ ಕಿಟಕಿಯಲ್ಲಿ ಬೀದಿ ನೋಡುತ್ತ ನಿಂತಿದ್ದ. ಸದ್ದಿನ ಗುಬುಟನ್ನು ಕೊನೆಯವರೆಗೆ ತಿರುಗಿಸಿದಳು.

ಹಿಂದಿನ ಕೋಣೆಯ ಕಿಟಕಿಯ ಗಾಜು ಗಡಗಡ ನಡುಗಿತು. ಅಡುಗೆಮನೆಯಲ್ಲಿ ಪಾತ್ರೆಯೊಂದು ಕೆಳಗೆ ಬಿತ್ತು. ಅತ್ತಿಗೆ ನೊರೆಗೈಯಲ್ಲೇ ಕಿವಿ ಮುಚ್ಚಿಕೊಂಡು, “ಅಯ್ಯೋ ನಿಲ್ಸೇ, ನಿಲ್ಸೇ!” ಎಂದು ಓಡಿಬಂದಳು. ಅಣ್ಣ ಬೀದಿ ನೋಡುತ್ತಲೇ ಇದ್ದ. ಗಾಜು ನಡುಗುವುದು ಕಣ್ಣಿಗೆ ಬಿದ್ದ ಮೇಲೆ ಸುಮ್ಮನೆ ಕೈ ಹಿಂದಕ್ಕೆ ಚಾಚಿ ಸ್ಪೀಕರಿನ ನೆತ್ತಿಯ ಮೇಲೆ ಅಂಗೈ ಇಟ್ಟ. ಒಂದು ಗಳಿಗೆ ಹಾಗೇ ಇಟ್ಟುಕೊಂಡಿದ್ದು, “ಬಂತು ಬಂತು” ಎನ್ನುತ್ತ ತಿರುಗಿದ. ಬಾಗಿಲಿಗೆ ಬಂದು ನಿಂತ ಇಬ್ಬರು ಹೆಂಗಸರನ್ನೂ ನೋಡಿದ. ಆಮೇಲೆ ಬಾಯಿ ಮುಚ್ಚಿದ.

ಸೌಂಡಕ್ಕ ಹೋಗಿ ಗುಬುಟು ತಿರುಗಿಸಿ ಸದ್ದು ನಿಲ್ಲಿಸಿದಳು. ಮನೆ ಒಮ್ಮೆಗೇ ತೆಪ್ಪಗಾಯಿತು. ಅತ್ತಿಗೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದಳು. ಕೈ ಒಣಗಿದ ಮೇಲೂ ಒರೆಸುತ್ತಿದ್ದಳು.

“ಎಷ್ಟು ದಿನದಿಂದ ಅತ್ತಿಗೆ?”

“ಏನು ಎಷ್ಟು ದಿನ...” ಎಂದು ಶುರು ಮಾಡಿದ ಅತ್ತಿಗೆಗೆ ಮುಂದೆ ಸುಳ್ಳು ಹೊರಡಲಿಲ್ಲ. “ನಾಲ್ಕು ವರ್ಷ ಆಯ್ತು ಕಣೇ. ಬಲಗಿವಿ ಮೊದ್ಲು ಹೋಯ್ತು. ಎಡಗಿವೀಲಿ ಈಗ ಗುಂಯ್ ಅನ್ನೋದು ಬಿಟ್ರೆ ಏನಿಲ್ಲ. ತುಟಿ ನೋಡಿ ತಿಳ್ಕೋತಾರೆ. ಉಳಿದಿದ್ದು ನಾನು ಹೇಳ್ತೀನಿ.”

ಸೌಂಡಕ್ಕ ದಂಗಾದಳು. ಮರುಪ್ರಸಾರ ಕೇಂದ್ರ! ಎಲ್ಲರ ಮುಂದೆ ಅದನ್ನು ಹೇಳಿ ಎಷ್ಟು ಸಲ ನಗಿಸಿದ್ದಳು. ಅಷ್ಟೇ ಅಲ್ಲ, ಅಣ್ಣನಿಗೆ ಯಾವಾಗ ಫೋನು ಮಾಡಿದರೂ ಅತ್ತಿಗೆಯೇ ಎತ್ತುತ್ತಾಳೆ ಎಂದು ಹೋದ ವರ್ಷ ಜಗಳವನ್ನೂ ಆಡಿದ್ದಳು. “ಕಟ್ಟಿಕೊಂಡ ಗಂಡನ ಫೋನಿಗೂ ಕಾವಲಾ ನಿಂದು?” ಎಂದಿದ್ದಳು. ಅತ್ತಿಗೆ ಅಂದು ಒಂದು ಮಾತೂ ಆಡದೆ ನುಂಗಿಕೊಂಡಿದ್ದಳು. ನೆನೆದರೆ ಈಗ ನೆಲ ಬಾಯಿ ಬಿಡಬಾರದೆ ಅನ್ನಿಸಿತು. ಸದ್ದಿನ ಕೆಲಸ ಮಾಡಿ ಹೆಸರು ತಗೊಂಡವಳಿಗೆ ಒಡಹುಟ್ಟಿದವನ ಕಿವಿ ಹೋದದ್ದು ನಾಲ್ಕು ವರ್ಷದಿಂದ ಗೊತ್ತೇ ಆಗಿರಲಿಲ್ಲ.

ಅಣ್ಣ ಅವರಿಬ್ಬರ ತುಟಿಗಳನ್ನು ಒಂದಾದ ಮೇಲೊಂದು ನೋಡುತ್ತಿದ್ದ. ಹಾಗೆ ನೋಡುವುದನ್ನು ಅವಳು ಎಷ್ಟೋ ಸಲ ಕಂಡಿದ್ದಳು. ಅಣ್ಣ ಮಾತನ್ನು ಎಷ್ಟು ಗಮನ ಕೊಟ್ಟು ಕೇಳುತ್ತಾನೆ ಎಂದು ಮೆಚ್ಚಿಕೊಂಡಿದ್ದಳು ಕೂಡ.

“ಡಾಕ್ಟರಿಗೆ ತೋರಿಸಲಿಲ್ವಾ?” ಎಂದು ಅವನ ಎದುರು ನಿಂತು ಕೇಳಿದಳು.

“ತೋರಿಸಿದೆ. ಮೆಷಿನ್ ಹಾಕ್ಕೋ, ಸ್ವಲ್ಪ ಕೇಳ್ಸುತ್ತೆ ಅಂದ್ರು. ಕಿವೀಲಿ ಮೆಷಿನ್ ಇಟ್ಕೊಂಡು ಸ್ಕೂಲಿಗೆ ಹೋದ್ರೆ ಅವತ್ತೇ ಕೀ ಕಿತ್ಕೋತಾರೆ.”

“ವರ್ಷಾ ವರ್ಷಾ ಪರೀಕ್ಷೆ ಮಾಡ್ತಾರಲ್ಲ?”

“ಕಣ್ಣು ನೋಡ್ತಾರೆ. ಕಣ್ಣು ಹದ್ದಿನ ಕಣ್ಣು.” ಎಂದು ನಗಲು ನೋಡಿದ. “ಈಗ ಯಾರೋ ಒಬ್ರು ದೂರು ಕೊಟ್ಟಿದಾರಂತೆ. ಗೇಟಿನ ಹತ್ರ ಅವರು ಕರೆದ್ರೆ ನಾನು ತಿರುಗಿ ನೋಡ್ಲಿಲ್ಲ, ಕಿವಿ ಕೇಳಲ್ವೇನೋ ಅಂತ. ಮುಂದಿನ ವಾರ ಪ್ರಿನ್ಸಿಪಾಲರು ಮನೆಗೇ ಬರ್ತೀನಿ ಅಂದಿದಾರೆ, ಹಾಗೇ ಮಾತಾಡ್ಸೋಕೆ.”

ಸೌಂಡಕ್ಕನಿಗೆ ಆಗ ಹೊಳೆಯಿತು. ನಾಲ್ಕು ಕೋಣೆಗೆ ನಾಲ್ಕು ಸ್ಪೀಕರು. ಬೀದಿಗೂ ಕೇಳಲಿ. ಮನೆ ತುಂಬ ಹಾಡು ಹಾಕಿಕೊಂಡು ತಲೆದೂಗುತ್ತ ಕೂತವನನ್ನು ಯಾರು ಕಿವುಡ ಎಂದಾರು? ಅದಕ್ಕೆ ಬೆಳಗಿನಿಂದ ಅವಳೇ ನೆಲ ತೆವಳಿದ್ದಳು. ಸಿಟ್ಟು ನೆತ್ತಿಗೇರಿತು. ಅದರ ಹಿಂದೆಯೇ ಅಳುವೂ ಬಂತು. ಎರಡರಲ್ಲಿ ಯಾವುದನ್ನು ಮೊದಲು ಹೊರಗೆ ಬಿಡಬೇಕೆಂದು ತಿಳಿಯದೆ ವೈರು ಕತ್ತರಿಸುವ ಪಕ್ಕಡ್‌ ಒಂದನ್ನು ಎತ್ತಿ ಚೀಲಕ್ಕೆ ಎಸೆದಳು.

“ಹದಿನಾಲ್ಕು ಮಕ್ಕಳು ಅಣ್ಣ! ಹಿಂದಿನಿಂದ ಲಾರಿ ಬಂದ್ರೆ? ಯಾವುದೋ ಮಗು ಬಾಗಿಲಲ್ಲಿ ಬೆರಳು ಸಿಕ್ಕಿಸ್ಕೊಂಡು ಕಿರಿಚಿದ್ರೆ?”

“ಇಪ್ಪತ್ತೆರಡು ವರ್ಷ...”

“ಕೇಳ್ತಿದ್ದ ಕಾಲದ ಲೆಕ್ಕ ಹೇಳ್ಬೇಡ.”

“ಕನ್ನಡಿ ಇದೆ. ಮೂರು ಕನ್ನಡಿ ಇದೆ.” ಅಣ್ಣ ಮೊದಲ ಸಲ ದನಿ ಎತ್ತಿದ. ತನ್ನ ದನಿ ಎಷ್ಟು ಎತ್ತರ ಹೋಯಿತೆಂದು ಅವನಿಗೆ ತಿಳಿಯಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರು ಕಿಟಕಿಯತ್ತ ಕತ್ತು ತಿರುಗಿಸಿದರು. “ಆ ವ್ಯಾನು ಬಿಟ್ರೆ ನನಗೆ ಇನ್ನೇನು ಬರುತ್ತೆ ಹೇಳು. ರೇಡಿಯೊ ಬಿಚ್ಚಲಾ?”

ಅತ್ತಿಗೆ ಗೋಡೆಯ ಗಡಿಯಾರ ನೋಡಿದಳು. ಎರಡಾಗಿ ಇಪ್ಪತ್ತು ನಿಮಿಷ. ಅಣ್ಣನೂ ನೋಡಿದ. ಏನೂ ನಡೆದಿಲ್ಲವೆಂಬಂತೆ ಒಳಗೆ ಹೋಗಿ ಪ್ಯಾಂಟು ತೊಟ್ಟು ಬಂದ, ಮೊಳೆಗೆ ನೇತುಹಾಕಿದ್ದ ಕೀ ತೆಗೆದುಕೊಂಡ. ಸೌಂಡಕ್ಕ ಬಾಗಿಲಿಗೆ ಅಡ್ಡ ನಿಂತಳು. ಅವಳ ಬಾಯಿಗೆ ಮೊದಲು ಬಂದ ಮಾತು ಇದು:

“ಇವತ್ತಿಂದ ನನ್ನ ಮಗಳನ್ನ ನಾನೇ ಕರ್ಕೊಂಡು ಬರ್ತೀನಿ.”

ಅಣ್ಣ ಅವಳ ತುಟಿಯ ಮೇಲಿನ ಆ ಮಾತನ್ನು ನಿಧಾನವಾಗಿ ಓದಿದ. ಓದಿ ಮುಗಿಸಿ ಅವಳ ಕಣ್ಣು ನೋಡಿದ. “ಉಳಿದ ಹದಿಮೂರು?” ಎಂದ. “ಅವರನ್ನ ನನ್ನ ಜೊತೆ ಬಿಟ್ಟು ನಿನ್ನ ಮಗಳನ್ನ ಮಾತ್ರ ಇಳಿಸ್ಕೋತೀಯಾ?”

ಯಾರಿಗೆ ಬೈದಂತಾಯಿತು ಅದು, ಅವಳಿಗೋ ಅವನಿಗೋ, ಇಬ್ಬರಿಗೂ ತಿಳಿಯಲಿಲ್ಲ. ಸೌಂಡಕ್ಕನ ಮುಖಕ್ಕೆ ಹೊಡೆದ ಹಾಗಾಯಿತು. ಅಣ್ಣನೂ ಆಡಿದ ಮಾತು ತಾನೇ ಕೇಳಿಸಿಕೊಂಡವನಂತೆ ನಿಂತುಬಿಟ್ಟ. ಅವಳು ಅಂಗೈ ಚಾಚಿದಳು. ವ್ಯಾನು ಓಡಿಸುವುದನ್ನೂ ಅವಳಿಗೆ ಕಲಿಸಿದವನು ಅವನೇ, ಬೆನ್ನು ಹತ್ತಿ ದೊಡ್ಡ ಗಾಡಿಯ ಲೈಸೆನ್ಸ್ ಮಾಡಿಸಿದವನೂ ಅವನೇ.

“ಕೊಡು. ಇವತ್ತು ನಾನು ಓಡಿಸ್ತೀನಿ. ನೀನು ಪಕ್ಕದಲ್ಲಿ ಕೂತ್ಕೋ.”

ಅತ್ತಿಗೆ ಎಂದಿನಂತೆ ಅವನ ಮುಖಕ್ಕೆ ತಿರುಗಿ, “ಕೊಡಿ ಅಂತಿದ್ದಾಳೆ ರೀ” ಎಂದಳು. ಅವನು ಹೆಂಡತಿಯ ತುಟಿಯನ್ನೇ ಬಹಳ ಹೊತ್ತು ನೋಡಿದ.

ಕೀಯನ್ನು ಅವನು ಅಂಗೈಯಲ್ಲಿ ಇಡಲಿಲ್ಲ. ಮೇಜಿನ ಮೇಲಿಟ್ಟ. “ಮಕ್ಕಳನ್ನೆಲ್ಲ ಮನೆ ಸೇರಿಸಿ, ವಾಪಸ್ ಸ್ಕೂಲಿಗೆ ಹೋಗೋಣ. ಪ್ರಿನ್ಸಿಪಾಲರು ನಾಲ್ಕೂವರೆವರೆಗೂ ಇರ್ತಾರೆ. ನಾನೇ ಹೇಳ್ತೀನಿ. ನೀನು ಮಾತಾಡಬಾರದು” ಎಂದು ಚಪ್ಪಲಿ ಮೆಟ್ಟಿದ.

ಸ್ಕೂಲಿನ ಗೇಟಿನಲ್ಲಿ ಮಕ್ಕಳು ಎಂದಿನಂತೆ ಬ್ಯಾಗು ಎಳೆದಾಡುತ್ತ ಬಂದರು. ಸ್ಟೀರಿಂಗಿನ ಹಿಂದೆ ಸೌಂಡಕ್ಕನನ್ನೂ ಪಕ್ಕದ ಸೀಟಿನಲ್ಲಿ ಅಣ್ಣನನ್ನೂ ಕಂಡು ಮುಖ ಮುಖ ನೋಡಿಕೊಂಡರು. ಎಲ್ಲರಿಗೂ ತಂತಮ್ಮ ಜಾಗ ಗೊತ್ತಿತ್ತು. ಮಗಳು ಬಂದು ಡ್ರೈವರ್ ಬೆನ್ನ ಹಿಂದಿನ ಸೀಟಿನಲ್ಲಿ ಕೂತಳು. “ಮಾವಂಗೆ ಜ್ವರಾನಾ ಅಮ್ಮ?” ಎಂದು ಕೇಳಿದಳು. “ಹೂಂ, ಸ್ವಲ್ಪ” ಎಂದಳು ಸೌಂಡಕ್ಕ. ಕನ್ನಡಿಯಲ್ಲಿ ಎಣಿಸಿದಳು, ಹದಿನಾಲ್ಕು.

ಎರಡು ತಿರುವು ದಾಟಿ ದೊಡ್ಡ ರಸ್ತೆಗೆ ಬಂದಾಗ ಹಿಂದೆ ಬಲಗಡೆಯಿಂದ ಒಂದು ಲಾರಿ ಹಾರ್ನ್ ಹೊಡೆಯಿತು. ಅದನ್ನು ಕೇಳಿ ಅವಳು ಎಡಕ್ಕೆ ಸರಿಯಬೇಕು ಎನ್ನುವಷ್ಟರಲ್ಲಿ ಬಲ ಹೆಗಲ ಮೇಲೆ ಯಾರೋ ಎರಡು ಸಲ ತಟ್ಟಿದರು. ಅವಳು ಬೆಚ್ಚಿಬಿದ್ದಳು. ಲಾರಿ ದಾಟಿಹೋಯಿತು.

“ಏನೇ ಅದು?”

“ಲಾರಿ” ಎಂದಳು ಮಗಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು. “ಅಯ್ಯೋ ಮರ್ತೆ, ನಿಂಗೆ ಕೇಳ್ಸುತ್ತೆ ಅಲ್ವಾ.”

ಮುಂದೆ ಸಿಗ್ನಲ್ ಕೆಂಪಾಗಿತ್ತು. ಸೌಂಡಕ್ಕ ವ್ಯಾನು ನಿಲ್ಲಿಸಿದಳು. ತಿರುಗಿ ನೋಡಲು ಧೈರ್ಯ ಬರಲಿಲ್ಲ. ಕನ್ನಡಿಯಲ್ಲೇ ಮಗಳ ಮುಖ ಹುಡುಕಿದಳು.

“ಮಾವನಿಗೆ ಹೀಗೆ ತಟ್ತೀಯಾ ನೀನು?”

“ಈ ವರ್ಷ ನನ್ನ ಪಾಳಿ. ಹೋದ ವರ್ಷ ಏಳನೇ ಕ್ಲಾಸಿನ ಅಕ್ಕ ಕೂರ್ತಿದ್ಲು. ಬಲಗಡೆ ಹಾರ್ನ್ ಆದ್ರೆ ಬಲ ಹೆಗಲು, ಎಡಗಡೆ ಆದ್ರೆ ಎಡ ಹೆಗಲು. ಹಿಂದಿನಿಂದಾದ್ರೆ ಎರಡೂ. ಆಂಬುಲೆನ್ಸ್ ಆದ್ರೆ ಕಿವಿ ಎಳೀಬೇಕು.” ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು. ಮಗಳು ಮುಂದಕ್ಕೆ ಬಾಗಿ ದನಿ ತಗ್ಗಿಸಿದಳು. “ದೊಡ್ಡವರಿಗೆ ಯಾರಿಗೂ ಹೇಳಲ್ಲ ಅಂತ ಎಲ್ಲಾರೂ ಆಣೆ ಮಾಡಿದೀವಿ. ನೀನೂ ಹೇಳ್ಬೇಡ ಅಮ್ಮ, ಪ್ಲೀಸ್. ಗೊತ್ತಾದ್ರೆ ಮಾವನ್ನ ಕಳಿಸಿಬಿಡ್ತಾರೆ.”

ಸೌಂಡಕ್ಕ ಅಣ್ಣನ ಕಡೆ ನೋಡಿದಳು. ಅವನಿಗೆ ಮಗುವಿನ ಮಾತು ಕೇಳಿರಲಿಲ್ಲ. ಆದರೆ ಅವಳ ಹೆಗಲ ಮೇಲೆ ಬಿದ್ದ ಕೈ ಕಂಡಿತ್ತು. ಅವನು ಮುಖವನ್ನು ಪೂರ್ತಿ ಆಚೆ ಕಿಟಕಿಗೆ ತಿರುಗಿಸಿಕೊಂಡಿದ್ದ. ಯಾರ ತುಟಿಯನ್ನೂ ನೋಡಲು ಅವನಿಗೆ ಈಗ ಇಷ್ಟವಿರಲಿಲ್ಲ. ಅವನ ಕತ್ತಿನ ನರವೊಂದು ಬಿಗಿದು ನಿಂತಿತ್ತು.

ಅವಳು ಅದನ್ನೇ ನೋಡುತ್ತ ಕೂತಳು. ಒಂಬತ್ತು ವರ್ಷದ ಮಗು, ದಿನಕ್ಕೆರಡು ಸಲ, ಈ ರಸ್ತೆಯಲ್ಲಿ. ಸಂಜೆ ಮನೆಗೆ ಬಂದವಳನ್ನು ಇವತ್ತು ಸ್ಕೂಲಲ್ಲಿ ಏನಾಯಿತೇ ಎಂದು ಕೇಳಿದರೆ, “ಏನಿಲ್ಲ” ಎಂದು ಶೂ ಬಿಚ್ಚಿ ಎಸೆಯುತ್ತಿದ್ದಳು.

ಅಷ್ಟರಲ್ಲಿ ಪುಟ್ಟ ಕೈಗಳೆರಡು ಅವಳ ಎರಡೂ ಹೆಗಲನ್ನು ಒಟ್ಟಿಗೇ ತಟ್ಟಿದವು, ಒಂದು ಸಲ, ಎರಡು ಸಲ, ಆಮೇಲೆ ಬಿಡದೆ. ಸೌಂಡಕ್ಕ ತಲೆಯೆತ್ತಿದಳು. ಸಿಗ್ನಲ್ ಯಾವಾಗಲೋ ಹಸಿರಾಗಿತ್ತು, ಹಿಂದೆ ಸಾಲುಗಟ್ಟಿ ನಿಂತ ಗಾಡಿಗಳೆಲ್ಲ ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದವು.